ಮಳೆಗಾಲಕ್ಕೆ ಪೇಪರ್, ಚಳಿಗಾಲಕ್ಕೆ ಸಿಪ್ಪೆ

ಶಿರಸಿಯಲ್ಲಿ ಹಾವು ಸಾಕಿದ್ದೇನೆ ಅಂದ ಕೂಡಲೇ ಜನ ಕೇರೆಯಾ, ಹೆಬ್ಬಾವಾ ಅಂತ ಕೇಳುತ್ತಾರೆ. ನಮ್ಮೂರಿನ ಇವೆರಡೂ ಅಲ್ಲ. ನಮ್ಮ ಕಾಡಿನ ಹಾವನ್ನು ಮನೆಯಲ್ಲಿ ಇಡುವಂತಿಲ್ಲ, 1972ರ ವನ್ಯಜೀವಿ ಕಾಯ್ದೆ ಇದೆ. ನನ್ನದು ಆಫ್ರಿಕಾ ಮೂಲದ ಬಾಲ್ ಪೈಥಾನ್, ಹೆಬ್ಬಾವಿನದೇ ಒಂದು ಸಣ್ಣ ಜಾತಿ. ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಮಾಡಿಸಿದ್ದೇನೆ.

ಅದಕ್ಕೆ ಗಾಳಿಯಲ್ಲಿ ಶೇ 60ರ ಆಸುಪಾಸು ತೇವ ಬೇಕು ಅಂತ ಓದಿದ್ದೆ. ಸರಿ, ನರ್ಸರಿಯಿಂದ ಕೊಕೊಪೀಟ್ (ತೆಂಗಿನ ಸಿಪ್ಪೆಯ ಪುಡಿ) ಇಟ್ಟಿಗೆ ತಂದು, ನೀರಲ್ಲಿ ಅರಳಿಸಿ ಹಾವಿನ ಪೆಟ್ಟಿಗೆಯ ತಳಕ್ಕೆ ಎರಡು ಇಂಚು ಹಾಸಿದೆ. ಮೇ ತಿಂಗಳಿಡೀ ಚೆನ್ನಾಗಿತ್ತು. ಜೂನ್‌ನಲ್ಲಿ ಮಳೆ ಹಿಡಿಯಿತು. ಬೀರುವಿನೊಳಗಿನ ಬೆಲ್ಟಿಗೇ ಬೂಷ್ಟು ಬರುವ ಊರಿದು, ಕೊಕೊಪೀಟ್ ಯಾವ ಲೆಕ್ಕ? ಮೇಲಿಂದ ನೋಡಿದರೆ ಏನೂ ಇಲ್ಲ. ಕೆದಕಿದರೆ ತಳದಲ್ಲಿ ಬಿಳಿ ಬೂಷ್ಟು, ಹಳಸಿದ ವಾಸನೆ. ಹಾವನ್ನು ಎತ್ತಿ ತಿರುಗಿಸಿದರೆ ಹೊಟ್ಟೆಯ ಹುರುಪೆಗಳ ಮೇಲೆ ಕೆಂಪು-ಕಂದು ಕಲೆ. ಹಾಸು ಒದ್ದೆಯಾಗಿಯೇ ಇದ್ದರೆ ಹುರುಪೆ ಕೊಳೆಯಲು ಶುರುವಾಗುತ್ತದೆ. ನಾನು ವಾರಗಟ್ಟಲೆ ಹೊಟ್ಟೆ ನೋಡಿಯೇ ಇರಲಿಲ್ಲ, ತಪ್ಪು ನನ್ನದೇ.

ಹಾವುಗಳ ಬಗ್ಗೆ ಗೊತ್ತಿರುವ ಪಶುವೈದ್ಯರಿಗೆ ತೋರಿಸಿದೆ. ಔಷಧಿ ಕೊಟ್ಟರು, ಜೊತೆಗೆ ಬರೀ ನ್ಯೂಸ್ ಪೇಪರ್ ಹಾಸಲು ಹೇಳಿದರು. ಒದ್ದೆಯಾದರೆ ಕಣ್ಣಿಗೆ ಕಾಣುತ್ತದೆ, ಎತ್ತಿ ಬಿಸಾಡಿದರೆ ಆಯ್ತು. ಎರಡು ಸಲ ಪೊರೆ ಬಿಟ್ಟ ಮೇಲೆ ಕಲೆ ಹೋಯಿತು. ಅವತ್ತಿಂದ ಮಳೆಗಾಲಕ್ಕೆ ಪೇಪರೇ. "ತಮಾ, ಇವತ್ತಿನ ಪೇಪರ್ ಎಲ್ಲೋ?" ಅಂತ ಅಪ್ಪ ಹುಡುಕುವುದು ತಪ್ಪಿಲ್ಲ!

ಹಾಗಂತ ವರ್ಷವಿಡೀ ಪೇಪರ್ ಸಾಲದು. ಡಿಸೆಂಬರ್ ಕಳೆದರೆ ಗಾಳಿ ಒಣಗುತ್ತದೆ, ಒಳಗೆ ಹೀಟರ್ ಬೇರೆ. ಒಮ್ಮೆ ಪೊರೆ ಚೂರುಚೂರಾಗಿ ಬಂದು ಬಾಲದ ತುದಿಯಲ್ಲಿ ಉಳಿದುಬಿಟ್ಟಿತು. ಆಗ ತೆಂಗಿನ ಸಿಪ್ಪೆಯ ದಪ್ಪ ತುಂಡುಗಳನ್ನು ಹಾಸಿದೆ. ಪುಡಿಗಿಂತ ಇದು ವಾಸಿ, ಸಂದಿಯಲ್ಲಿ ಗಾಳಿ ಆಡುತ್ತದೆ. ಕರಾವಳಿ ಕಡೆಯ ಸಿಪ್ಪೆಯಲ್ಲಿ ಉಪ್ಪು ಇರಬಹುದು ಅಂತ ಎರಡು-ಮೂರು ಸಲ ನೀರಲ್ಲಿ ತೊಳೆದು ಬಿಸಿಲಿಗೆ ಹಾಕುತ್ತೇನೆ. ನೀರನ್ನು ಮೇಲೆ ಚಿಮುಕಿಸದೆ ಒಂದು ಮೂಲೆಯಲ್ಲಿ ಸ್ವಲ್ಪ ಹೊಯ್ಯುತ್ತೇನೆ. ತಳ ತಂಪಾಗಿರುತ್ತದೆ, ಹಾವು ಮಲಗುವ ಮೇಲ್ಪದರ ಒಣಗಿರುತ್ತದೆ. ಮುಷ್ಟಿಯಲ್ಲಿ ಹಿಂಡಿದಾಗ ನೀರು ತೊಟ್ಟಿಕ್ಕಿದರೆ ಜಾಸ್ತಿ ಆಯ್ತು ಅಂತಲೇ.

ಸಾಮಿಲ್ಲಿನ ಹೊಟ್ಟು ಪುಕ್ಕಟೆ ಸಿಗುತ್ತದೆ, ಆದರೂ ಮುಟ್ಟಿಲ್ಲ. ಯಾವ ಮರದ್ದೋ ಏನೋ. ದೇವದಾರು ಜಾತಿಯ ಘಾಟು ಎಣ್ಣೆ ಹಾವಿನ ಉಸಿರಾಟಕ್ಕೆ ಕೆಟ್ಟದ್ದು. ತೋಟದ ದರಕು (ಒಣಗಿದ ಎಲೆ) ಚಂದ ಕಾಣುತ್ತದೆ ಅಂತ ಒಮ್ಮೆ ಆಸೆಯಾಗಿತ್ತು. ಬುಟ್ಟಿ ಎತ್ತಿದರೆ ಅಡಿಯಲ್ಲಿ ಉಣುಗು. ಹಾಗೇ ಕೊಟ್ಟಿಗೆಗೆ ಹೋಯಿತು.