ಸೊಂಟದುದ್ದ ಜಡೆ, ಒಂದೇ ಕ್ಯಾಪ್, ಎರಡೂಕಾಲು ವರ್ಷ

ನನ್ನ ಜಡೆ ಸೊಂಟದವರೆಗೆ ಬರುತ್ತದೆ, ದಪ್ಪವೂ ಜಾಸ್ತಿ. 42ನೇ ವಯಸ್ಸಿನಲ್ಲಿ ಈಜು ಕಲಿಯಲು ಹೋದಾಗ ಕೋಚ್ ಮೊದಲ ದಿನವೇ ಹೇಳಿಬಿಟ್ಟರು, "ಮೇಡಂ, ಇಷ್ಟು ಕೂದಲು ಯಾವ ಕ್ಯಾಪಿಗೂ ಹಿಡಿಸಲ್ಲ. ಭುಜದ ತನಕ ಕಟ್ ಮಾಡಿಸಿಬಿಡಿ." ಬ್ಯಾಚಿನವರೂ ಹೂಂಗುಟ್ಟಿದರು. ನಾನು ಮಾಡಿಸಲಿಲ್ಲ. ಈಗ ಹಾಕುವ ಸಿಲಿಕೋನ್ ಕ್ಯಾಪಿಗೆ ಎರಡೂಕಾಲು ವರ್ಷವಾಯಿತು. ವಾರಕ್ಕೆ 4 ದಿನ ನೀರಿಗಿಳಿಯುತ್ತೇನೆ. ನಮ್ಮ ಬ್ಯಾಚಿನಲ್ಲಿ ಇಷ್ಟು ಕಾಲ ಬಾಳಿದ ಕ್ಯಾಪ್ ಇನ್ನೊಂದಿಲ್ಲ.

ಇದಕ್ಕೆ ಮುಂಚೆ 6 ಕ್ಯಾಪ್ ಹಾಳಾದವು. ಲೆಕ್ಕ ಬರೆದಿಟ್ಟಿಲ್ಲ, ಸುಮಾರು 1,500 ರೂಪಾಯಿ ಹೋಗಿರಬೇಕು.

ಮೊದಲನೆಯದು ಲೇಟೆಕ್ಸ್ ಅನ್ನುವ ತೆಳು ರಬ್ಬರಿನದು, 120 ರೂಪಾಯಿ. ರಾತ್ರಿ ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಬೆಳಗ್ಗೆ ಹಾಗೇ ಕ್ಯಾಪ್ ಹಾಕುತ್ತಿದ್ದೆ. ಎರಡೇ ವಾರಕ್ಕೆ ಒಳಗೆಲ್ಲ ಬೆಲ್ಲದ ಪಾಕ ಮೆತ್ತಿದ ಹಾಗೆ ಅಂಟಂಟು. ಬಿಡಿಸಲು ಹೋದರೆ ಎರಡು ಬದಿ ಕಚ್ಚಿಕೊಂಡು ಪರ್ರನೆ ಹರಿಯಿತು. ಎಣ್ಣೆ ಲೇಟೆಕ್ಸನ್ನು ತಿಂದುಹಾಕುತ್ತದೆ ಅಂತ ಯಾರೂ ಹೇಳಿರಲಿಲ್ಲ. ಎರಡನೆಯದನ್ನು ಎಣ್ಣೆಯಿಂದ ಕಾಪಾಡಿದೆ, ಆದರೆ ತಾರಸಿಯ ಬಿಸಿಲಿಗೆ ಒಣಹಾಕಿದೆ. ಸೀಳು ಬಿಟ್ಟಿತು. ಮೂರನೆಯದು ಲೈಕ್ರಾ ಬಟ್ಟೆಯದು. ತಲೆಗೆ ಹಿತ, ಕೂದಲು ಎಳೆಯಲ್ಲ, ಆದರೆ ನೀರು ನೇರ ಒಳಗೆ. ನಾಲ್ಕನೆಯದಕ್ಕೆ ಸಿಲಿಕೋನ್ ಅಂತ 280 ತೆಗೆದುಕೊಂಡರು, ಮನೆಗೆ ತಂದು ನೋಡಿದರೆ ಲೇಟೆಕ್ಸ್! ಈಗ ನಾನು ಮೂಸಿ ನೋಡದೆ ಕೊಳ್ಳಲ್ಲ. ಬಲೂನಿನ ವಾಸನೆ ಬಂದರೆ, ತೆಳ್ಳಗಿದ್ದರೆ, ಕೂದಲನ್ನು ಹಿಡಿದೆಳೆದರೆ ಅದು ಲೇಟೆಕ್ಸೇ. ಸಿಲಿಕೋನ್ ದಪ್ಪ, ಕೈಗೆ ನುಣುಪು.

ಐದನೆಯದು ನಿಜವಾದ ಸಿಲಿಕೋನ್. ಹೇರ್‌ಪಿನ್ನಿನ ತುದಿ ಚುಚ್ಚಿತು, ಸಾಸಿವೆಯಷ್ಟು ತೂತು ಮರುದಿನಕ್ಕೆ ಬೆರಳುದ್ದ ಆಯಿತು. ಆರನೆಯದು ತೆಳುವಾಗಿತ್ತು. ಕಂಡೀಷನರ್ ಹಚ್ಚಿ ನೆತ್ತಿಯ ಮೇಲೆ ತುರುಬು ಕಟ್ಟಿದ್ದೆ. ಗೋಡೆ ಒದ್ದು ತಿರುಗುವಾಗ ಜಾರಿ ಹೋಗಿ ಎಲ್ಲೋ ಸಿಕ್ಕಿಕೊಂಡು ಹರಿಯಿತು.

ದೊಡ್ಡ ತಲೆಗೂದಲಿಗೆ ಬೇರೆ ಅಳತೆಯ ಕ್ಯಾಪ್ ಇದೆ ಎಂದು ಗೊತ್ತಾಗಿದ್ದೇ ಒಂದು ಸುದ್ದಿಯಿಂದ. 2021ರಲ್ಲಿ ಟೋಕಿಯೋ ಒಲಿಂಪಿಕ್ಸ್‌ಗೆ ಮುಂಚೆ, ದಟ್ಟ ಗುಂಗುರು ಕೂದಲಿನವರಿಗೆಂದು ಬ್ರಿಟನ್‌ನ ಕಂಪನಿಯೊಂದು ತಂದ ಸೋಲ್ ಕ್ಯಾಪ್‌ಗೆ ಅಂತರರಾಷ್ಟ್ರೀಯ ಈಜು ಒಕ್ಕೂಟ ಫಿನಾ ಒಪ್ಪಿಗೆ ಕೊಡಲಿಲ್ಲ. ಮುಂದಿನ ವರ್ಷ ಒಪ್ಪಿಕೊಂಡಿತು. ಆಫ್ರಿಕನ್ ಮೂಲದವರೂ ಇತರರೂ ಗಟ್ಟಿಯಾಗಿ ಕೇಳಿದ ಮೇಲೆ ಆಗಿದ್ದು ಅದು. ಓದಿ ತುಂಬಾ ಖುಷಿಯಾಯಿತು. ನಮ್ಮಲ್ಲೂ "ಲಾಂಗ್ ಹೇರ್" ಅಂತ ಬರೆದಿರುವ ಸಿಲಿಕೋನ್ ಕ್ಯಾಪ್ ಸಿಗುತ್ತದೆ, ಹಿಂಬದಿ ಉಬ್ಬಿರುತ್ತದೆ. ನನ್ನ ಈಗಿನ ಕ್ಯಾಪ್ ಅದೇ, ಅದಕ್ಕೆ ಕೊಟ್ಟಿದ್ದು 550.

ಹಾಕುವ ಕ್ರಮದಲ್ಲೇ ಅರ್ಧ ಕೆಲಸವಿದೆ. ಮೊದಲು ನಲ್ಲಿ ನೀರಲ್ಲಿ ಕೂದಲು ಪೂರ್ತಿ ನೆನೆಸುತ್ತೇನೆ. ಮೊದಲೇ ನೀರು ಕುಡಿದ ಕೂದಲಿಗೆ ಕ್ಲೋರಿನ್ ನೀರು ಜಾಸ್ತಿ ಹಿಡಿಯಲ್ಲ. ಹೇಗೂ ಯಾವ ಕ್ಯಾಪೂ ಕೂದಲನ್ನು ಒಣಗಿಸಿಡಲ್ಲ, ಆ ಆಸೆ ಬಿಡಿ. ಪಿನ್ ಇಲ್ಲ, ಬಟ್ಟೆಯ ರಬ್ಬರ್ ಬ್ಯಾಂಡ್ ಮಾತ್ರ. ಓಲೆ, ಉಂಗುರ ತೆಗೆಯುತ್ತೇನೆ. ತುರುಬು ನೆತ್ತಿಯ ಮೇಲಲ್ಲ, ಕತ್ತಿನ ಮೇಲ್ಗಡೆ, ಚಪ್ಪಟೆಯಾಗಿ. ಜಡೆಯನ್ನು ಹೇಗೆ ಮಡಿಸಿ ಕೂರಿಸುತ್ತೇನೆ ಅನ್ನುವುದನ್ನು ಇಲ್ಲಿ ಹೇಳಲ್ಲ. ಅದಕ್ಕೆ ನನಗೆ ಒಂದು ವರ್ಷ ಹಿಡಿದಿದೆ, ಎದುರು ಕೂತವರಿಗೆ ತೋರಿಸುತ್ತೇನೆ. ಆಮೇಲೆ ಎರಡೂ ಅಂಗೈ ಒಳಗಿಟ್ಟು ಕ್ಯಾಪ್ ಅಗಲಿಸಿ, ಹಣೆಯಿಂದ ಹಿಂದಕ್ಕೆ. ಉಗುರು ತಾಗಿಸಲೇಬಾರದು.

ಈಜಿ ಬಂದ ಕೂಡಲೇ ಒಳಗೂ ಹೊರಗೂ ಬರೀ ನೀರಲ್ಲಿ ತೊಳೆದು, ಹಳೇ ಪಂಚೆಯ ತುಂಡಿನಲ್ಲಿ ಒತ್ತಿ ಒರೆಸುತ್ತೇನೆ. ಅಕ್ಕಿ ತೊಳೆಯುವ ಜಾಲರಿ ಬುಟ್ಟಿಯನ್ನು ಬೋರಲು ಹಾಕಿ, ಅದಕ್ಕೆ ಟೋಪಿ ತೊಡಿಸಿದ ಹಾಗೆ ಸಡಿಲವಾಗಿ ಹೊದಿಸಿ ನೆರಳಿನಲ್ಲಿಡುತ್ತೇನೆ. ಒಳಗೂ ಗಾಳಿಯಾಡುತ್ತದೆ, ಬದಿಗಳು ಒಂದಕ್ಕೊಂದು ಕಚ್ಚಲ್ಲ. ಸಂಜೆಗೆ ಚಿಟಿಕೆ ಟಾಲ್ಕಂ ಪೌಡರ್ ಉದುರಿಸಿ ಪ್ಲಾಸ್ಟಿಕ್ ಡಬ್ಬಿಗೆ.

ನಡುವೆ ಒಂದಿಷ್ಟು ಪ್ರಯೋಗ ಮಾಡಿದೆ. ಕ್ಲೋರಿನ್ ವಾಸನೆಗೆ ಲಿಮ್ಸಿ ಅನ್ನುವ ವಿಟಮಿನ್ ಸಿ ಮಾತ್ರೆ ಪುಡಿ ಮಾಡಿ ಅರ್ಧ ಬಕೆಟ್ ನೀರಿಗೆ ಹಾಕಿ ಕ್ಯಾಪ್ ಅದ್ದಿದೆ. ವಿಟಮಿನ್ ಸಿ ಕ್ಲೋರಿನ್ನನ್ನು ಮುರಿಯುತ್ತದೆ. ವಾಸನೆ ಹೋಯಿತು, ಈಗ ತಲೆಗೂ ಅದೇ ನೀರು ಹಾಕಿಕೊಳ್ಳುತ್ತೇನೆ. ಹರಿದ ಐದನೇ ಕ್ಯಾಪಿಗೆ ಫೆವಿಕ್ವಿಕ್ ಹಚ್ಚಿದೆ, ಒಣಗಿ ಸಿಪ್ಪೆಯ ಹಾಗೆ ಕಳಚಿತು. ಸೈಕಲ್ ಟ್ಯೂಬಿನ ಪ್ಯಾಚೂ ಹಿಡಿಯಲಿಲ್ಲ. ಬಾತ್‌ರೂಮಿನ ಸಂದಿಗೆ ಬಳಿಯುವ ಸಿಲಿಕೋನ್ ಸೀಲೆಂಟ್ ಮಾತ್ರ ಕಚ್ಚಿಕೊಂಡಿತು, ಒಂದು ತಿಂಗಳು ಓಡಿತು.

ಕಳೆದ ವಾರದಿಂದ ಈ ಕ್ಯಾಪಿನ ಹಿಂದಿನ ಅಂಚು ಎರಡು ಬೆರಳಷ್ಟು ಸಡಿಲಾಗಿದೆ. ಅದೇ ಅಳತೆಯದು ಇನ್ನೊಂದು ತಂದಿಟ್ಟಿದ್ದೇನೆ, ಈ ಸಲ 650 ಆಯಿತು. ಅದರ ಕವರ್ ಇನ್ನೂ ಬಿಚ್ಚಿಲ್ಲ.