ಇಸ್ತಾಂಬುಲ್‌ನಲ್ಲಿ ಅವಸರವಿಲ್ಲದ ಒಂದು ಸೋಮವಾರ

ನಾವು ನಾಲ್ವರು ಗೆಳತಿಯರು ಇಸ್ತಾಂಬುಲ್‌ಗೆ ಹೋಗಿದ್ದೆವು. ಮೊದಲ ದಿನ ಭಾನುವಾರ. ಹಾಗಿಯಾ ಸೋಫಿಯಾ, ಅದರ ಎದುರಿನ ನೀಲಿ ಮಸೀದಿ, ನೆಲದಡಿಯಲ್ಲಿ 336 ಕಂಬಗಳ ಮೇಲೆ ನಿಂತಿರುವ ಹಳೆಯ ನೀರಿನ ತೊಟ್ಟಿ, ಎಲ್ಲವನ್ನೂ ಓಡೋಡಿ ನೋಡಿದೆವು. ಕೊನೆಗೆ ಗ್ರ್ಯಾಂಡ್ ಬಜಾರ್ ಬಾಗಿಲಿಗೆ ಹೋದರೆ ಮುಚ್ಚಿತ್ತು. ಭಾನುವಾರ ಅದಕ್ಕೆ ರಜೆ. ರಾತ್ರಿ ಕಣ್ಣಿಗೆ ಬಿದ್ದ ಮೊದಲ ಹೋಟೆಲಿಗೆ ನುಗ್ಗಿ, ಬೆಲೆ ಕೇಳದೆ ಮೀನು ತರಿಸಿದೆವು. ಬಿಲ್ ಬಂದ ಮೇಲೆ ಯಾರೂ ಮಾತಾಡಲಿಲ್ಲ. ನನಗೆ ಬೇಜಾರಾಗಿದ್ದು ದುಡ್ಡಿಗಲ್ಲ. ಎಷ್ಟೋ ವರ್ಷದ ಮೇಲೆ ನಾಲ್ವರೂ ಒಟ್ಟಿಗೆ ಸೇರಿದ್ದೆವು. ಇಡೀ ದಿನ ಜೊತೆಗಿದ್ದೂ ಕೂತು ಹತ್ತು ನಿಮಿಷ ಮಾತಾಡಿರಲಿಲ್ಲ.

ಸೋಮವಾರದ ಹೊಣೆ ನಾನು ತೆಗೆದುಕೊಂಡೆ. ಒಂದು ಗುಡ್ಡ, ಒಂದು ಫೆರ್ರಿ, ನಿಧಾನವಾಗಿ ಎರಡು ಊಟ. ಅಷ್ಟೇ ಎಂದೆ. ತೋಪ್‌ಕಾಪಿ ಅರಮನೆಯನ್ನೂ ಗಲಾತಾ ಗೋಪುರವನ್ನೂ ಪಟ್ಟಿಯಿಂದ ತೆಗೆದೆ. "ಅರಮನೆ ನೋಡದೆ ಹೋಗೋದಾ?" ಅಂತ ಒಬ್ಬಳು ಮುಖ ಸಣ್ಣ ಮಾಡಿದಳು. ಇವತ್ತೊಂದು ದಿನ ನನ್ನ ಮಾತು ಕೇಳು ಎಂದು ಒಪ್ಪಿಸಿದೆ.

ಬೆಳಿಗ್ಗೆ ಬೀದಿಯ ಗಾಡಿಯಲ್ಲಿ ಸಿಮಿತ್ ಕೊಂಡೆವು. ಎಳ್ಳು ಮೆತ್ತಿದ ಬಳೆಯಾಕಾರದ ಬ್ರೆಡ್ಡು ಅದು. ಹೊರಗೆ ಗರಿ, ಒಳಗೆ ಮೆತ್ತಗೆ. ಅದನ್ನು ಮುರಿದು ತಿನ್ನುತ್ತಾ ಸುಲೇಮಾನಿಯೆ ಮಸೀದಿಯ ಗುಡ್ಡ ಹತ್ತಿದೆವು. ಸುಲ್ತಾನ್ ಸುಲೇಮಾನನಿಗಾಗಿ ವಾಸ್ತುಶಿಲ್ಪಿ ಸಿನಾನ್ ಇದನ್ನು 1550ರಿಂದ 1557ರವರೆಗೆ ಕಟ್ಟಿದ. ಒಳಗೆ ಹೋಗಲು ದುಡ್ಡು ಕೊಡಬೇಕಿಲ್ಲ. ಚಪ್ಪಲಿ ಬಿಡಬೇಕು, ಹೆಂಗಸರು ತಲೆ ಮುಚ್ಚಿಕೊಳ್ಳಬೇಕು. ನಮಾಜಿನ ಹೊತ್ತಿಗೆ ಪ್ರವಾಸಿಗರನ್ನು ಬಿಡುವುದಿಲ್ಲ, ಆದ್ದರಿಂದ ಆ ದಿನದ ನಮಾಜಿನ ವೇಳೆ ಮೊದಲೇ ನೋಡಿಕೊಂಡಿದ್ದೆ.

ರತ್ನಗಂಬಳಿಯ ಒಂದು ಮೂಲೆಯಲ್ಲಿ ಸುಮ್ನೆ ಕೂತೆವು. ಹಿಂದೆ ಇಲ್ಲಿ ಸಾವಿರಾರು ಎಣ್ಣೆ ದೀಪ ಉರಿಯುತ್ತಿದ್ದವಂತೆ. ಅವುಗಳ ಹೊಗೆ ಗೋಡೆಗೆ ಹತ್ತದೆ ಬಾಗಿಲ ಮೇಲಿನ ಒಂದು ಕೋಣೆಗೆ ಹೋಗುವಂತೆ ಸಿನಾನ್ ಗಾಳಿಯ ದಾರಿ ಮಾಡಿದ್ದ, ಅಲ್ಲಿ ಕೂತ ಮಸಿಯಿಂದ ಬರೆಯುವ ಶಾಯಿ ಮಾಡುತ್ತಿದ್ದರು ಎಂದು ಹೇಳುತ್ತಾರೆ. ನಾನು ಇದನ್ನು ಹೇಳಿದ ಮೇಲೆ ನಾಲ್ವರೂ ತಲೆಯೆತ್ತಿ ಗುಮ್ಮಟ ನೋಡುತ್ತಾ ಎಷ್ಟೋ ಹೊತ್ತು ಇದ್ದೆವು. ಭಾನುವಾರ ಯಾವುದನ್ನೂ ಇಷ್ಟು ಹೊತ್ತು ನೋಡಿರಲಿಲ್ಲ. ಹಿಂಭಾಗದ ಅಂಗಳಕ್ಕೆ ಬಂದರೆ ಕೆಳಗೆ ಗೋಲ್ಡನ್ ಹಾರ್ನ್ ಕೊಲ್ಲಿ, ಸೇತುವೆ, ಆಚೆ ದಡದ ಮನೆಗಳು. ಮುಂದೆ ಹತ್ತಬೇಕಾಗಿದ್ದ ಫೆರ್ರಿಗಳೂ ಅಲ್ಲಿಂದಲೇ ಕಾಣುತ್ತಿದ್ದವು.

ಮಸೀದಿಯ ಎದುರಿಗೇ ಸಾಲಾಗಿ ಹುರುಳಿಕಾಯಿ ಬೀಜದ ಊಟದ ಅಂಗಡಿಗಳಿವೆ. ಕುರು ಫಾಸುಲ್ಯೆ ಎನ್ನುತ್ತಾರೆ. ಒಣಗಿದ ಬಿಳಿ ಬೀನ್ಸ್ ಕಾಳನ್ನು ಟೊಮ್ಯಾಟೊ ರಸದಲ್ಲಿ ಬೆಣ್ಣೆಯಂತೆ ಮೆತ್ತಗಾಗುವ ತನಕ ಬೇಯಿಸಿರುತ್ತಾರೆ. ಜೊತೆಗೆ ಅನ್ನ, ಉಪ್ಪಿನಲ್ಲಿ ಹಾಕಿದ ತರಕಾರಿ. ನಮ್ಮಲ್ಲಿ ಒಬ್ಬಳು ಮಾಂಸ ತಿನ್ನುವುದಿಲ್ಲ. ಈ ಕಾಳಿಗೆ ಕೆಲವು ಕಡೆ ಮಾಂಸ ಹಾಕುತ್ತಾರೆ. ಅದಕ್ಕೆ "ಎತ್ಲಿ ಮಿ?" ಎಂದು ಕೇಳುವುದನ್ನು ಹಿಂದಿನ ರಾತ್ರಿಯೇ ಕಲಿತಿದ್ದೆ. ಮಾಂಸ ಇದೆಯಾ ಎಂದರ್ಥ. ಆ ಎರಡು ಪದ ಅವಳ ಊಟವನ್ನು ಉಳಿಸಿದವು. ಮೊದಲ ಅಂಗಡಿಯಲ್ಲಿ ಹೌದು ಎಂದರು, ಎರಡನೆಯದರಲ್ಲಿ ಇಲ್ಲ ಎಂದರು. ಅಲ್ಲೇ ಕೂತೆವು.

ಊಟವಾದ ಮೇಲೆ ಸಾಮಾನಿನ ಅಂಗಡಿಗಳ ಇಳಿಜಾರು ಬೀದಿಗಳಲ್ಲಿ ನಿಧಾನವಾಗಿ ಇಳಿದೆವು. ರುಸ್ತೆಮ್ ಪಾಶಾ ಮಸೀದಿ ಈ ದಾರಿಯಲ್ಲೇ ಸಿಗುತ್ತದೆ. ಬೀದಿಯಿಂದ ಕಾಣುವುದೇ ಇಲ್ಲ. ಅಂಗಡಿಗಳ ನಡುವಿನ ಸಣ್ಣ ಮೆಟ್ಟಿಲು ಹತ್ತಬೇಕು, ಏಕೆಂದರೆ ಮಸೀದಿ ಇರುವುದು ಅಂಗಡಿಗಳ ಮೇಲೆ. ಆ ಅಂಗಡಿಗಳ ಬಾಡಿಗೆಯೇ ಮಸೀದಿಯ ಖರ್ಚಿಗೆ ಎಂದು ಹಾಗೆ ಕಟ್ಟಿದ್ದರು. ಇದೂ ಸಿನಾನ್ ಕಟ್ಟಿದ್ದೇ. ಗೋಡೆ ತುಂಬಾ ಇಜ್ನಿಕ್ ಊರಿನ ನೀಲಿ ಹಂಚು, ಅದರಲ್ಲಿ ಕೆಂಪು ಟ್ಯೂಲಿಪ್ ಹೂಗಳು. ಚಿಕ್ಕ ಮಸೀದಿ, ಜನ ಕಡಿಮೆ. ನನಗೆ ನೀಲಿ ಮಸೀದಿಗಿಂತ ಇದೇ ಜಾಸ್ತಿ ಇಷ್ಟವಾಯಿತು.

ಎಮಿನೋನು ದಡದಲ್ಲಿ ಕಾದಿಕೋಯ್‌ಗೆ ಹೋಗುವ ಫೆರ್ರಿ ಹಿಡಿದೆವು. ಪ್ರವಾಸಿಗರಿಗೆಂದೇ ಬೇರೆ ದೋಣಿಗಳಿವೆ, ಕೂಗಿ ಕರೆಯುತ್ತಾರೆ. ನನ್ನ ಸಲಹೆ, ಊರಿನವರು ಕೆಲಸಕ್ಕೆ ಓಡಾಡುವ ಫೆರ್ರಿಯನ್ನೇ ಹತ್ತಿ. ಇಸ್ತಾಂಬುಲ್‌ಕಾರ್ಟ್ ಎಂಬ ಕಾರ್ಡಿನಲ್ಲಿ ದುಡ್ಡು ತುಂಬಿಸಿದ್ದರೆ ಆಯಿತು, ಟ್ರಾಮಿಗೂ ಅದೇ. ಹೋಗುವಾಗ ಬಲಗಡೆ, ಹೊರಗಿನ ಬೆಂಚಿನ ಮೇಲೆ ಕೂರಬೇಕು. ತೋಪ್‌ಕಾಪಿ, ಹಾಗಿಯಾ ಸೋಫಿಯಾ, ನೀಲಿ ಮಸೀದಿಯ ಆರು ಮಿನಾರುಗಳು ಒಂದೊಂದಾಗಿ ಹಿಂದೆ ಸರಿಯುತ್ತವೆ. ಸಣ್ಣ ನಡುವಿನ ಗಾಜಿನ ಲೋಟದಲ್ಲಿ ಹಾಲಿಲ್ಲದ ಕೆಂಪು ಚಹಾ ಬಂತು. ಜನ ಎಸೆಯುವ ಸಿಮಿತ್ ಚೂರಿಗೆ ಕಡಲಹಕ್ಕಿಗಳು ಕೈಯ ಹತ್ತಿರವೇ ಹಾರುತ್ತಿದ್ದವು. "ಅಯ್ಯೋ, ನಾವು ಕೂತಲ್ಲೇ ಎಲ್ಲಾ ನೋಡ್ತಿದ್ದೀವಲ್ಲೇ!" ಎಂದಳು ಅರಮನೆ ಬೇಕೆಂದಿದ್ದ ಗೆಳತಿ. ಸುಮಾರು ಇಪ್ಪತ್ತು ನಿಮಿಷದಲ್ಲಿ ಯುರೋಪಿನಿಂದ ಏಷ್ಯಾಕ್ಕೆ ಬಂದಿದ್ದೆವು.

ಕಾದಿಕೋಯ್‌ನ ಹಳೆಯ ಹೆಸರು ಕಾಲ್ಸಿಡಾನ್. ಎದುರು ದಡದ ಅಷ್ಟು ಒಳ್ಳೆಯ ಜಾಗ ಬಿಟ್ಟು, ಅಲ್ಲಿ ಊರು ಕಟ್ಟಿದವರಿಗಿಂತ 17 ವರ್ಷ ಮೊದಲೇ ಇಲ್ಲಿ ಊರು ಕಟ್ಟಿದವರು ಕುರುಡರೇ ಇರಬೇಕು ಎಂದು ಪರ್ಷಿಯಾದ ಸೇನಾಪತಿಯೊಬ್ಬ ಹೇಳಿದ್ದನ್ನು ಪ್ರಾಚೀನ ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಬರೆದಿದ್ದಾನೆ. ಅಲ್ಲಿಂದ ಪಕ್ಕದ ಮೋದಾ ಬಡಾವಣೆಯ ದಡಕ್ಕೆ ನಡೆದು, ಮರದ ನೆರಳಲ್ಲಿ ಚಹಾ ಕುಡಿಯುತ್ತಾ ಮರ್ಮರಾ ಸಮುದ್ರ ನೋಡುತ್ತಾ ಕೂತಾಗ ನನಗೇನೋ ಅವರ ಆಯ್ಕೆ ಸರಿ ಅನಿಸಿತು. ಅಲ್ಲಿ ಎರಡು ಗಂಟೆ ಹೋಯಿತು. ಒಬ್ಬಳು ಅಮ್ಮನ ಕಾಯಿಲೆಯ ವಿಷಯ ಹೇಳಿಕೊಂಡಳು. ಭಾನುವಾರ ಅದಕ್ಕೆ ಎಲ್ಲಿತ್ತು ಜಾಗ?

ಸಂಜೆ ಮೀನು ಮಾರುಕಟ್ಟೆಯ ಪಕ್ಕದ ಬೀದಿಯಲ್ಲಿ ಊಟ. ಈ ಸಲ ಬೆಲೆಪಟ್ಟಿ ನೋಡಿಯೇ ಒಳಗೆ ಹೋದೆವು. ಇಲ್ಲಿ ಮೆಝೆ ಊಟದ ಪದ್ಧತಿ ನಾಲ್ವರಿಗೆ ಹೇಳಿ ಮಾಡಿಸಿದಂತಿದೆ. ದೊಡ್ಡ ತಟ್ಟೆಯಲ್ಲಿ ಹತ್ತಾರು ಬಗೆ ತಂದು ತೋರಿಸುತ್ತಾರೆ, ಬೇಕಾದ್ದನ್ನು ಬೊಟ್ಟು ಮಾಡಿದರೆ ಸಾಕು. ಸುಟ್ಟ ಬದನೆಕಾಯಿ, ಬೆಳ್ಳುಳ್ಳಿ ಹಾಕಿದ ಗಟ್ಟಿ ಮೊಸರು, ದ್ರಾಕ್ಷಿ ಎಲೆಯಲ್ಲಿ ಸುತ್ತಿದ ಅನ್ನ, ಖಾರದ ಟೊಮ್ಯಾಟೊ, ಆಲಿವ್ ಎಣ್ಣೆಯಲ್ಲಿ ಬೇಯಿಸಿ ತಣ್ಣಗೆ ಮಾಡಿದ ತರಕಾರಿಗಳು. ಹೆಚ್ಚಿನವು ಮಾಂಸವಿಲ್ಲದವೇ. ಒಮ್ಮೆಗೇ ಎಲ್ಲ ತರಿಸಬೇಡಿ. ಮೂರು ನಾಲ್ಕು ತರಿಸಿ, ಮುಗಿದ ಮೇಲೆ ಮತ್ತೆ ಹೇಳಿ. ಯಾರೂ ಎದ್ದೇಳಿಸುವುದಿಲ್ಲ.

ವಾಪಸ್ ಬರುವಾಗ ಹಳೇ ಊರಿನ ಗುಮ್ಮಟಗಳ ಹಿಂದೆ ಆಕಾಶ ಇನ್ನೂ ಸ್ವಲ್ಪ ಕೆಂಪಗಿತ್ತು. ಬೆಳಿಗ್ಗೆ ಕೂತಿದ್ದ ಸುಲೇಮಾನಿಯೆಯನ್ನು ನಾಲ್ವರೂ ಗುರುತು ಹಿಡಿದೆವು.

"ನಾಳೆ ಅರಮನೆಗೆ ಹೋಗೋಣ್ವಾ?" ಎಂದು ನಾನೇ ಕೇಳಿದೆ.

"ನಾಳೆ ಮಂಗಳವಾರ ಕಣೇ, ಅರಮನೆಗೆ ರಜೆ. ಕಾದಿಕೋಯ್‌ನಲ್ಲಿ ಸಂತೆ ಇದ್ಯಂತೆ, ಬಡಿಸೋ ಹುಡುಗ ಹೇಳ್ದ," ಎಂದಳು ಅರಮನೆ ಬೇಕೆಂದಿದ್ದವಳು. ಚಹಾಕ್ಕೆ ಕೈಯೆತ್ತಿದಳು.