ಸೀ ಹ್ಯಾರಿಯರ್ ನೆಟ್ಟಗೆ ಇಳಿಯುತ್ತಿದ್ದ ಬಗೆ: ಒಬ್ಬ ಎಂಜಿನ್ ತಂತ್ರಜ್ಞನ ಅನುಭವ

ಭಾರತೀಯ ನೌಕಾಪಡೆಯಲ್ಲಿ ನನ್ನ ಸೇವೆಯ ಬಹುಭಾಗ ಗೋವಾದ ದಾಬೋಲಿಮ್‌ನಲ್ಲಿರುವ ಐಎನ್‌ಎಸ್ ಹಂಸ ನೆಲೆಯಲ್ಲೂ ವಿಮಾನವಾಹಕ ಐಎನ್‌ಎಸ್ ವಿರಾಟ್ ಹಡಗಿನಲ್ಲೂ ಸೀ ಹ್ಯಾರಿಯರ್ ಯುದ್ಧವಿಮಾನದ ಎಂಜಿನ್‌ಗಳ ನಿರ್ವಹಣೆಯಲ್ಲೇ ಕಳೆಯಿತು. 1983ರಲ್ಲಿ ನಮ್ಮ ದೇಶಕ್ಕೆ ಬಂದು 2016ರ ಮೇ ತಿಂಗಳಲ್ಲಿ ಸೇವೆಯಿಂದ ನಿವೃತ್ತವಾದ ಈ ವಿಮಾನದ ವಿಷಯ ಬಂದರೆ, ಅದು ನಿಂತಲ್ಲಿಂದಲೇ ಹೇಗೆ ಏಳುತ್ತಿತ್ತು ಎಂದೇ ಎಲ್ಲರೂ ಕೇಳುತ್ತಾರೆ. ಆದರೆ ಹಡಗಿನ ಮೇಲೆ ಅದು ಹಾಗೆ ಏಳುತ್ತಿದ್ದುದೇ ಅಪರೂಪ. ನೆಟ್ಟಗೆ ಇಳಿಯುವುದೇ ಅದರ ನಿತ್ಯದ ಕೆಲಸವಾಗಿತ್ತು, ನಮ್ಮ ದುಡಿಮೆಯೆಲ್ಲ ಆ ಇಳಿತಕ್ಕಾಗಿಯೇ ಇತ್ತು.

ಕಾರಣ ತೂಕ. ಸೀ ಹ್ಯಾರಿಯರ್‌ನ ಪೆಗಸಸ್ ಎಂಜಿನ್‌ನ ಗರಿಷ್ಠ ಒತ್ತುಬಲ ಸುಮಾರು 21,500 ಪೌಂಡ್, ಎಂದರೆ 9,750 ಕಿಲೋಗ್ರಾಂ ಹೊರುವಷ್ಟು. ಬರಿದಾದ ವಿಮಾನವೇ ಸುಮಾರು 6,400 ಕಿಲೋಗ್ರಾಂ ಇದ್ದು, ಇಂಧನ ಮತ್ತು ಆಯುಧಗಳನ್ನು ಪೂರ್ತಿ ತುಂಬಿದಾಗ ತೂಕ 11,900ರ ಹತ್ತಿರಕ್ಕೆ ಹೋಗುತ್ತಿತ್ತು. ಅಷ್ಟು ಭಾರವನ್ನು ಎಂಜಿನ್ ತಾನೊಂದೇ ಎತ್ತಲಾರದು, ರೆಕ್ಕೆಯ ನೆರವು ಬೇಕೇ ಬೇಕು. ಆದ್ದರಿಂದ ವಿಮಾನ ಡೆಕ್ಕಿನ ಮೇಲೆ ಸ್ವಲ್ಪ ದೂರ ಓಡಿ, ವಿರಾಟ್‌ನ ಮುಂತುದಿಯಲ್ಲಿ 12 ಡಿಗ್ರಿ ಮೇಲಕ್ಕೆ ಬಾಗಿದ್ದ ಸ್ಕೀ ಜಂಪ್ ಹತ್ತಿ ಹಾರುತ್ತಿತ್ತು. ಮರಳುವ ಹೊತ್ತಿಗೆ ಇಂಧನ ಉರಿದು ಹಗುರವಾಗಿರುತ್ತಿದ್ದುದರಿಂದ ನೆಟ್ಟಗೆ ಇಳಿಯುವುದು ಸಾಧ್ಯವಾಗುತ್ತಿತ್ತು.

ಪೆಗಸಸ್‌ಗೆ ನಾಲ್ಕು ನಾಜಲ್‌ಗಳು, ಎಂದರೆ ಗಾಳಿ ಹೊರಚಿಮ್ಮುವ ತಿರುಗುವ ಬಾಯಿಗಳು; ಅವನ್ನು ಕೆಳಮುಖವಾಗಿ ತಿರುಗಿಸಿದಾಗ ಆ ಒತ್ತುಬಲವೇ ವಿಮಾನವನ್ನು ಗಾಳಿಯಲ್ಲಿ ಹೊತ್ತು ನಿಲ್ಲಿಸುತ್ತಿತ್ತು. ಮುಂದಿನ ಎರಡರಿಂದ ಫ್ಯಾನ್ ಒತ್ತಿದ ತಣ್ಣನೆಯ ಗಾಳಿ ಹೊರಬಂದರೆ, ಹಿಂದಿನ ಎರಡರಿಂದ ಟರ್ಬೈನ್ ದಾಟಿ ಬಂದ ಬಿಸಿ ಅನಿಲ ಹೊರಬರುತ್ತಿತ್ತು. ನಾಲ್ಕನ್ನೂ ಒಟ್ಟಿಗೆ ತಿರುಗಿಸಲು ಎಂಜಿನ್‌ನ ಗಾಳಿಯಿಂದಲೇ ನಡೆಯುವ ಒಂದು ಮೋಟಾರ್, ಅದರಿಂದ ಹೊರಟ ಶಾಫ್ಟ್‌ಗಳು, ಕೊನೆಗೆ ಪ್ರತಿ ನಾಜಲ್‌ಗೂ ಒಂದು ಚೈನು. ಸೈಕಲ್ ಚೈನಿನ ದೊಡ್ಡಣ್ಣನೆಂದೇ ಹೇಳಬಹುದು. ಅಷ್ಟು ಮುಂದುವರಿದ ಯಂತ್ರದೊಳಗೆ ಅಂಥದ್ದನ್ನು ಕಂಡು ಹೊಸಬರು ನಗುತ್ತಿದ್ದರು. ಆದರೆ ನಾಲ್ಕು ನಾಜಲ್‌ಗಳ ಕೋನದಲ್ಲಿ ಹೊಂದಾಣಿಕೆ ತಪ್ಪಿದರೆ ಗಾಳಿಯಲ್ಲಿ ನಿಂತ ವಿಮಾನ ಒಂದು ಕಡೆಗೆ ವಾಲುತ್ತದೆ. ಆದ್ದರಿಂದ ಚೈನಿನ ಬಿಗಿತವನ್ನೂ ಕೋನವನ್ನೂ ಅಳೆಯುವಾಗ ಯಾರೂ ಆತುರಪಡುತ್ತಿರಲಿಲ್ಲ. ಪೈಲಟ್‌ಗೆ ಇದಕ್ಕೆಲ್ಲ ಇದ್ದದ್ದು ಥ್ರಾಟಲ್ ಪಕ್ಕದ ಒಂದೇ ಒಂದು ಲಿವರ್.

ಗಾಳಿಯಲ್ಲಿ ನಿಂತ ವಿಮಾನಕ್ಕೆ ರೆಕ್ಕೆ ಬಾಲಗಳ ಮೇಲಿನ, ವಿಮಾನವನ್ನು ಹೊರಳಿಸುವ ಹಲಗೆಗಳಿಂದ ಏನೂ ಉಪಯೋಗವಿಲ್ಲ, ಅವುಗಳ ಮೇಲೆ ಗಾಳಿಯೇ ಹರಿಯುವುದಿಲ್ಲ. ಹಾಗಾಗಿ ಕಂಪ್ರೆಸರ್‌ನಿಂದ ತೆಗೆದ ಒತ್ತಡದ ಗಾಳಿಯನ್ನು ಮೂತಿ, ಬಾಲ ಮತ್ತು ರೆಕ್ಕೆಯ ತುದಿಗಳಿಗೆ ಕೊಳವೆಗಳಲ್ಲಿ ಒಯ್ದು, ಪೈಲಟ್ ನಿಯಂತ್ರಣ ಕಡ್ಡಿ ಅಥವಾ ಪೆಡಲ್ ಅಲುಗಿಸಿದಂತೆ ಸಣ್ಣ ಕವಾಟಗಳ ಮೂಲಕ ಬಿಟ್ಟು ಸಮತೋಲ ಕಾಯಲಾಗುತ್ತಿತ್ತು. ಹೀಗೆ ತೆಗೆದ ಗಾಳಿಯಷ್ಟೂ ಎಂಜಿನ್‌ಗೆ ನಷ್ಟವೇ. ಗಾಜಿನ ಮುಂದೆ ಮೂತಿಯ ಮೇಲೆ ಗಾಳಿಯ ದಿಕ್ಕು ತೋರಿಸುವ ಒಂದು ಪುಟ್ಟ ಗಾಳಿಪಟ್ಟಿ ಇತ್ತು. ಎದುರುಗಾಳಿಯಿಂದ ಮೂತಿ ಪಕ್ಕಕ್ಕೆ ಸರಿದರೆ ವಿಮಾನ ಮಗುಚುವ ಅಪಾಯವಿದ್ದುದರಿಂದ, ಇಳಿಯುವಾಗ ಪೈಲಟ್‌ನ ಕಣ್ಣು ಅದರ ಮೇಲೆ ಇರಲೇಬೇಕಿತ್ತು.

ನಮ್ಮ ನಿಜವಾದ ಎದುರಾಳಿ ಸೆಖೆ. ಬಿಸಿ ಗಾಳಿ ತೆಳುವಾಗಿರುತ್ತದೆ. ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ ಅರಬ್ಬಿ ಸಮುದ್ರದ ಮೇಲೆ ಎಂಜಿನ್‌ನ ಬಲ ಕುಗ್ಗುತ್ತಿತ್ತು, ಇನ್ನಷ್ಟು ವೇಗ ಕೊಟ್ಟರೆ ಟರ್ಬೈನ್‌ನ ತಾಪ ಮಿತಿ ಮೀರುತ್ತಿತ್ತು. ಇದಕ್ಕೆ ಪರಿಹಾರವಾಗಿ ಸುಮಾರು 227 ಲೀಟರ್ ನೀರನ್ನು ಹೊತ್ತು, ಇಳಿಯುವ ಹೊತ್ತಿಗೆ ಎಂಜಿನ್‌ನೊಳಗೆ ಸಿಂಪಡಿಸಿ ತಾಪ ಇಳಿಸಿ ಬಲ ಹೆಚ್ಚಿಸಲಾಗುತ್ತಿತ್ತು. ಅಷ್ಟೂ ನೀರು ಸುಮಾರು ಒಂದೂವರೆ ನಿಮಿಷದಲ್ಲಿ ಮುಗಿಯುತ್ತಿತ್ತು. ಟರ್ಬೈನ್ ಅಲಗುಗಳ ಮೇಲೆ ಲವಣ ಕೂರದಂತೆ ಆ ನೀರು ಖನಿಜರಹಿತವಾಗಿರಬೇಕಿತ್ತು. ಸುತ್ತ ಉಪ್ಪಿನ ಗಾಳಿಯೇ ತುಂಬಿದ್ದ ಹಡಗಿನಲ್ಲಿ ಆ ಶುದ್ಧತೆ ಕಾಯುವುದು ಸಣ್ಣ ಕೆಲಸವಲ್ಲ.

ಎಂಜಿನ್‌ಗಳೂ ಎಲ್ಲ ಒಂದೇ ಬಗೆಯಲ್ಲಿ ಇರುವುದಿಲ್ಲ. ಎಂಜಿನ್ ಬದಲಿಸಿದ ಮೇಲೆ ಪೈಲಟ್ ವಿಮಾನವನ್ನು ಗಾಳಿಯಲ್ಲಿ ನಿಲ್ಲಿಸಿ ಎಂಜಿನ್‌ನ ವೇಗ, ತಾಪ ಮತ್ತು ಉಳಿದ ಇಂಧನವನ್ನು ಗುರುತು ಹಾಕಿಕೊಂಡು ಬರುತ್ತಿದ್ದರು. ಆ ಅಂಕಿಗಳಿಂದ, ಮಾದರಿ ಎಂಜಿನ್‌ಗಿಂತ ಇದು ಎಷ್ಟು ಚುರುಕು ಅಥವಾ ಎಷ್ಟು ಮಂದ ಎಂದು ಲೆಕ್ಕ ಹಾಕುತ್ತಿದ್ದೆವು. ಆ ವಿಮಾನ ಎಷ್ಟು ತೂಕದೊಂದಿಗೆ ಇಳಿಯಬಹುದು ಎಂಬುದು ಅದರ ಮೇಲೆ ನಿಂತಿತ್ತು. ಎಂಜಿನ್ ಬದಲಿಸುವುದೆಂದರೆ ಮೊದಲು ಇಡೀ ರೆಕ್ಕೆಯನ್ನೇ ಬಿಚ್ಚಿ ಕ್ರೇನಿನಿಂದ ಎತ್ತಬೇಕಿತ್ತು, ಏಕೆಂದರೆ ಎಂಜಿನ್ ಹೊರಬರುವ ದಾರಿ ಮೇಲ್ಗಡೆಯಿಂದಲೇ ಇತ್ತು. ವಿನ್ಯಾಸಕಾರರನ್ನು ನಾವು ಶಪಿಸಿದ್ದಿದ್ದರೆ ಅದು ಆ ದಿನಗಳಲ್ಲೇ.

ಇಳಿಯುವ ವಿಮಾನ ಹಡಗಿನ ಎಡಪಕ್ಕಕ್ಕೆ ಬಂದು, ಹಡಗಿನ ವೇಗಕ್ಕೆ ಸರಿಯಾಗಿ ಜೊತೆ ಸಾಗಿ, ನಂತರ ಅಡ್ಡಕ್ಕೆ ಸರಿದು ಡೆಕ್ಕಿನ ಮೇಲೆ ಬರುತ್ತಿತ್ತು. ಅಲ್ಲಿಂದ ನಿಧಾನವಾಗಿ ತೇಲಿ ಇಳಿಯುವುದಕ್ಕಿಂತ ತಡಮಾಡದೆ ದೃಢವಾಗಿ ಕೂರುವುದೇ ಸರಿಯಾದ ಕ್ರಮ. ಡೆಕ್ಕಿಗೆ ಬಡಿದು ಹಿಮ್ಮರಳುವ ಬಿಸಿ ಅನಿಲವನ್ನು ಎಂಜಿನ್ ಮತ್ತೆ ಒಳಗೆಳೆದುಕೊಂಡರೆ ಬಲ ತಟ್ಟನೆ ಕುಸಿಯುತ್ತದೆ. ಮುಂದಿನ ನಾಜಲ್‌ಗಳ ತಣ್ಣನೆಯ ಗಾಳಿ ಆ ಬಿಸಿಯನ್ನು ಒಳಹರಿವಿನ ಬಾಯಿಯಿಂದ ತಕ್ಕಮಟ್ಟಿಗೆ ದೂರವಿಡುತ್ತಿತ್ತು. ಹೀಗೆಯೇ ನೆಟ್ಟಗೆ ಇಳಿಯಬಲ್ಲ ಈಗಿನ ಅಮೆರಿಕದ ಎಫ್-35ಬಿ ವಿಮಾನದಲ್ಲಿಯೂ ಮುಂಭಾಗದಲ್ಲಿ ತಣ್ಣನೆಯ ಗಾಳಿಯೇ ಇಳಿಯುತ್ತದೆ, ಆದರೆ ಅದಕ್ಕಾಗಿ ಎಂಜಿನ್‌ನಿಂದ ಉದ್ದನೆಯ ಶಾಫ್ಟ್, ಕ್ಲಚ್, ಪ್ರತ್ಯೇಕ ಫ್ಯಾನ್ ಮತ್ತು ತೆರೆದು ಮುಚ್ಚುವ ಬಾಗಿಲುಗಳಿವೆ. ಬಲದಲ್ಲಿ ಪೆಗಸಸ್ ಅದಕ್ಕೆ ಸಮನಲ್ಲ. ಆದರೂ ನಾಲ್ಕು ನಾಜಲ್ ಮತ್ತು ಒಂದಿಷ್ಟು ಚೈನುಗಳನ್ನು ನೋಡಿಕೊಳ್ಳುವ ಕೆಲಸವನ್ನೇ ನಾನು ಇಂದಿಗೂ ಆರಿಸಿಕೊಳ್ಳುತ್ತೇನೆ.